ಒಳಜೇಬಿನ ಭಾರ

ಫೋನು ರಿಂಗಾದಾಗ ಕಟಕಟೆಯಲ್ಲಿದ್ದ ಹೆಂಗಸು, ಯುದ್ಧದಲ್ಲಿ ಕಾಣೆಯಾದ ಮಗ ಕೊನೆಯ ಸಲ ಯಾವ ಬಣ್ಣದ ಅಂಗಿ ತೊಟ್ಟಿದ್ದನೆಂದು ಹೇಳುತ್ತಿದ್ದಳು.

ಮಾತು ಅಲ್ಲೇ ನಿಂತಿತು. ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಗಳು, ವಕೀಲರು, ದುಭಾಷಿಗಳು ಎಲ್ಲರೂ ಒಮ್ಮೆಗೇ ಗ್ಯಾಲರಿಯತ್ತ ತಿರುಗಿದರು. ಅಲ್ಲಿ, ಅಧ್ಯಯನ ಪ್ರವಾಸಕ್ಕೆಂದು ದೂರದಿಂದ ಬಂದಿದ್ದ ಕಾನೂನು ವಿದ್ಯಾರ್ಥಿಗಳ ನಡುವೆ, ಅವರ ಮೇಷ್ಟ್ರು ಕಲ್ಲಾಗಿ ಕೂತಿದ್ದರು. ಫೋನು ಬಡಿದುಕೊಂಡು ಬಡಿದುಕೊಂಡು ತಾನಾಗಿಯೇ ಸುಮ್ಮನಾಯಿತು. ಹೆಂಗಸು ಮುಖ ಮುಚ್ಚಿಕೊಂಡಳು. ಅವತ್ತಿನ ವಿಚಾರಣೆ ಅಲ್ಲಿಗೇ ಮುಗಿಯಿತು.

ಕಾವಲುಗಾರರು ಇಡೀ ತಂಡವನ್ನು ಗ್ಯಾಲರಿಯಿಂದ ಹೊರಗಟ್ಟಿದರು.

ಯಾರ ಫೋನೆಂದು ಮೇಷ್ಟ್ರು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ಬಾಗಿಲಲ್ಲೇ ನಿಂತು, ಹತ್ತು ಸಲ ಬುದ್ಧಿ ಹೇಳಿ, ಒಬ್ಬೊಬ್ಬರ ಫೋನನ್ನೂ ಇಸಿದುಕೊಂಡು ಬಟ್ಟೆಚೀಲಕ್ಕೆ ಹಾಕಿ ಲಾಕರಿನಲ್ಲಿಟ್ಟವರು ಅವರೇ. ಆ ಗಡಿಬಿಡಿಯಲ್ಲಿ ತಮ್ಮದನ್ನು ಹಾಕಿದ ನೆನಪು ಮಾತ್ರ ಎಷ್ಟು ತಡಕಿದರೂ ಸಿಗುತ್ತಿಲ್ಲ. ಅವರದು ಹಳೇ ಕಾಲದ ಬಟನ್ ಫೋನು. ಕೇಳಿಸಿದ್ದೂ ಅದೇ ಹಳೇ ಟ್ಯೂನು; ಈಗಿನ ಹುಡುಗರಲ್ಲಿ ಅದನ್ನು ಯಾರು ಇಟ್ಟುಕೊಂಡಾರು? ಕೋಟಿನ ಒಳಜೇಬಿನಲ್ಲಿ ಗಟ್ಟಿಯಾದದ್ದೊಂದು ಎದೆಗೆ ಒತ್ತುತ್ತಿತ್ತು. ಕೈ ಹಾಕಿ ನೋಡುವ ಧೈರ್ಯ ಬರಲಿಲ್ಲ.

"ಸರ್, ಕೀ ಕೊಡಿ. ಎಲ್ಲರ ಫೋನ್ ತಂದ್ಬಿಡ್ತೀನಿ," ಎಂದ ತಂಡದ ಲೀಡರ್. ತಂದು ಹಂಚಿ, ಚೀಲವನ್ನು ಮೇಷ್ಟ್ರ ಕೈಗಿತ್ತ. ಅವರು ಅದನ್ನು ನೋಡದೆಯೇ ಸುತ್ತಿ ತಮ್ಮ ಬ್ಯಾಗಿಗೆ ತುರುಕಿಕೊಂಡರು.

ಅಷ್ಟರಲ್ಲಿ ನ್ಯಾಯಾಲಯದ ಅಧಿಕಾರಿಣಿ ಬಂದಳು. ತಪ್ಪು ಮಾಡಿದವರ ಹೆಸರು ಬೇಕು, ಅವರು ಇನ್ನೆಂದೂ ಒಳಗೆ ಕಾಲಿಡುವಂತಿಲ್ಲ, ಹೆಸರು ಸಿಗದಿದ್ದರೆ ನಿಮ್ಮ ವಿಶ್ವವಿದ್ಯಾಲಯಕ್ಕೇ ಬಾಗಿಲು ಬಂದ್ ಎಂದಳು.

 ಮೇಷ್ಟ್ರು ಬರುವ ತಿಂಗಳು ಡೀನ್ ಕುರ್ಚಿಯಲ್ಲಿ ಕೂರಬೇಕಾದ ಮನುಷ್ಯ.

"ನನ್ನದೇ ಸರ್," ಎಂದಳು ಗುಬ್ಬಿ.

ಗುಬ್ಬಿ ಎಂದರೆ ತರಗತಿಗೇ ಪುಟ್ಟ ಆಳು, ಮೊದಲ ರ‍್ಯಾಂಕಿನವಳು. ಗ್ಯಾಲರಿಯಲ್ಲಿ ಮೇಷ್ಟ್ರ ಪಕ್ಕಕ್ಕೇ ಕೂತಿದ್ದಳು. ಪರದೇಶವೆಂದರೆ ಹೌಹಾರಿದ ಅವಳಪ್ಪನನ್ನು ಮನೆಗೇ ಹೋಗಿ ಒಪ್ಪಿಸಿದ್ದು ಮೇಷ್ಟ್ರು. ಅದೇ ಮಧ್ಯಾಹ್ನ ಈ ನ್ಯಾಯಾಲಯದಲ್ಲೇ ಅವಳಿಗೆ ಇಂಟರ್ನ್‌ಶಿಪ್ ಸಂದರ್ಶನವಿತ್ತು. ಅವಳು ಬಂದದ್ದೇ ಅದಕ್ಕೆ. ಅವಳ ಅಂಗೈ ಮೀರುವ ದೊಡ್ಡ ಫೋನನ್ನು ಬೆಳಿಗ್ಗೆ ಮೇಷ್ಟ್ರೇ ಕೈಯಾರೆ ಇಸಿದುಕೊಂಡಿದ್ದರು.

"ಅಕ್ಕನ್ನ ಹೆರಿಗೆಗೆ ಸೇರಿಸಿದ್ದಾರೆ ಸರ್, ಯಾವಾಗ ಬೇಕಾದ್ರೂ ಸುದ್ದಿ ಬರಬಹುದು," ಎಂದು ಗೋಗರೆದಿದ್ದಳು.

"ಮಗು ಹುಟ್ಟೋದಕ್ಕೆ ನಿನ್ನ ಫೋನ್ ಬೇಕಾಗಿಲ್ಲಮ್ಮ, ತಾ ಇಲ್ಲಿ," ಎಂದು ಇವರು ನಕ್ಕಿದ್ದರು.

ಅಂಥ ಹುಡುಗಿ ಈಗ ಮೇಷ್ಟ್ರ ಮಾನ ಉಳಿಸಲು ತಪ್ಪನ್ನು ತಲೆಯ ಮೇಲೆ ಎಳೆದುಕೊಂಡಿದ್ದಾಳೆ.  ಆದರೂ ಮೇಷ್ಟ್ರು ಬಾಯಿ ಬಿಡಲಿಲ್ಲ. ಅಧಿಕಾರಿಣಿ ಹೆಸರು ಬರೆದುಕೊಂಡು ಹೋದಳು.

ಎದುರು ರಸ್ತೆಯ ಕ್ಯಾಂಟೀನಿನಲ್ಲಿ ಮೇಷ್ಟ್ರು ತಟ್ಟೆ ಮುಂದಿಟ್ಟುಕೊಂಡು ಕೂತರು.

"ನಂಬೋಕೇ ಆಗಲ್ಲ ಸರ್," ಎಂದ ಲೀಡರ್. "ಅವಳ ಫೋನ್ ಚೀಲದಲ್ಲೇ ಇತ್ತು. ನಾನೇ ತೆಗೆದು ಕೊಟ್ಟೆ."

"ಸುಮ್ನೆ ಊಟ ಮಾಡಪ್ಪ," ಎಂದು ಮೇಷ್ಟ್ರು ತಟ್ಟೆ ಸರಿಸಿ ಎದ್ದರು.

ಗುಬ್ಬಿ ಕಿಟಕಿಯ ಬಳಿ, ಮುಷ್ಟಿಯೊಳಗೆ ಅಡಗಿದ್ದ ಫೋನನ್ನು ಕಿವಿಗೊತ್ತಿ ಕೂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಇವರನ್ನು ಕಂಡು ಫೋನನ್ನು ಬ್ಯಾಗಿಗೆ ಸೇರಿಸಿದಳು.

"ಅಕ್ಕ ಹೇಗಿದ್ದಾಳಮ್ಮ?"

"ಚೆನ್ನಾಗಿದ್ದಾಳೆ ಸರ್. ಗಂಡು ಮಗು." ಹುಡುಗಿ ಕಣ್ಣೊರೆಸಿಕೊಂಡಳು. "ಆ ತಾಯಿಯ ಮುಖ ಕಣ್ಣ ಮುಂದಿಂದ ಹೋಗ್ತಿಲ್ಲ ಸರ್. ನಿಮಗೂ ಕೆಟ್ಟ ಹೆಸರು ತಂದ್ಬಿಟ್ಟೆ."

"ಇನ್ನೂ ಚುಚ್ಚಬೇಡ ಮಗಳೇ," ಎಂದರು ಮೇಷ್ಟ್ರು. "ನಡಿ ನನ್ನ ಜೊತೆ."

ನ್ಯಾಯಾಲಯದ ಸ್ವಾಗತ ಕೌಂಟರಿನಲ್ಲಿ ಅಧಿಕಾರಿಣಿಯನ್ನು ಕರೆಸಿ, ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಫೋನು ನನ್ನದು. ಹುಡುಗಿ ನನ್ನನ್ನು ಉಳಿಸಲು ಸುಳ್ಳು ಹೇಳಿದಳು. ಹೇಡಿಯಂತೆ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದೆ.

ಗುಬ್ಬಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ಸರ್, ಅದು..."

"ಸಾಕು. ನೀನು ಮಾಡಿದ್ದೇ ಹೆಚ್ಚಾಯ್ತು. ಒಳಗೆ ಹೋಗು."

ಹುಡುಗಿ ಒಮ್ಮೆ ಸಂದರ್ಶನದ ಕೋಣೆಯ ಬಾಗಿಲು ನೋಡಿದಳು. ಒಮ್ಮೆ ಮೇಷ್ಟ್ರ ಮುಖ ನೋಡಿದಳು. ತೆರೆದ ಬಾಯನ್ನು ಮುಚ್ಚಿಕೊಂಡಳು. ಅಧಿಕಾರಿಣಿ ಅವಳ ಹೆಸರು ಹೊಡೆದು ಇವರದನ್ನು ಬರೆದಳು, ವಿಶ್ವವಿದ್ಯಾಲಯಕ್ಕೂ ತಿಳಿಸುವೆನೆಂದಳು. ಗುಬ್ಬಿ ತಲೆ ತಗ್ಗಿಸಿ ಒಳಗೆ ಹೋದಳು. ಹಿಂತಿರುಗಿ ನೋಡಲಿಲ್ಲ. ಪಾಪ, ದುಃಖ ತಡೆಯಲಾಗಿರಲಿಕ್ಕಿಲ್ಲ ಎಂದುಕೊಂಡರು ಮೇಷ್ಟ್ರು.

ಹೊರಗಿನ ಬೆಂಚಿನ ಮೇಲೆ ಕೂತಾಗ, ಡೀನ್ ಕುರ್ಚಿ ಕೈತಪ್ಪಿದರೂ, ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸರಾಗವಾಗಿ ಆಡಿತು. ಬೇರೆಯವರ ಬಾಯಿಂದ ಕೇಳುವ ಮೊದಲು ಹೆಂಡತಿಗೆ ತಾವೇ ಹೇಳಿಬಿಡೋಣವೆಂದು, ಕೊನೆಗೂ ಧೈರ್ಯ ಮಾಡಿ ಒಳಜೇಬಿಗೆ ಕೈ ಹಾಕಿದರು.

ಕೈಗೆ ಬಂದದ್ದು ಕನ್ನಡಕದ ಡಬ್ಬಿ.

ಉಳಿದ ಜೇಬುಗಳನ್ನೆಲ್ಲ ತಡಕಿದರು. ಬ್ಯಾಗು ಬಿಚ್ಚಿದರು. ಸುತ್ತಿಟ್ಟ ಬಟ್ಟೆಚೀಲ ಯಾಕೋ ಭಾರವಾಗಿತ್ತು. ಅದರ ತಳದಲ್ಲಿ, ಅವರದೇ ಕರವಸ್ತ್ರದಲ್ಲಿ ಸುತ್ತಿ, ಸ್ವಿಚ್ ಆಫ್ ಮಾಡಿಟ್ಟ ಅವರ ಬಟನ್ ಫೋನು ತಣ್ಣಗೆ ಮಲಗಿತ್ತು.

ಹುಡುಗಿಯ ಮುಷ್ಟಿಯೊಳಗೆ ಅಡಗಿದ್ದ ಆ ಇನ್ನೊಂದು ಪುಟ್ಟ ಬಟನ್ ಫೋನು ಈಗ ಕಣ್ಣಿಗೆ ಕಟ್ಟಿತು.

"ನನ್ನದೇ ಸರ್" ಎಂದು ಗುಬ್ಬಿ ಮೊದಲೇ ಹೇಳಿದ್ದಳು. ಅದು ನಿಜವಿರಬಹುದೆಂದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ.