ಅಣ್ಣನ ಬ್ಯಾಗಿನ ನೀಲಿ ಗೆರೆ

"ಯಾರು ಇದನ್ನ ಮತ್ತೆ ಸಡಿಲ ಮಾಡಿದ್ದು...?"

ಖಾಲಿ ಕೋಣೆಯಲ್ಲಿ ನಿಂತು ಹರಿಣಿ ಜೋರಾಗಿಯೇ ಕೇಳಿದಳು.

ಗೋಡೆಗೆ ಒರಗಿದ್ದ ಆ ದೊಡ್ಡ ಟ್ರೆಕಿಂಗ್ ಬ್ಯಾಗ್ ಅವಳ ಅಣ್ಣ ಸುಧನ್ವನದು. ಹೋದ ವರ್ಷ ಅದರ ತುಂಬ ಸಿಕ್ಕಿದ್ದೆಲ್ಲ ತುಂಬಿಕೊಂಡು ಕಾಡಿಗೆ ಹೋದವನು, ಬೆಟ್ಟದ ಕಡಿದಾದ ದಾರಿಯಲ್ಲಿ ಭಾರ ಹಿಂದಕ್ಕೆ ಎಳೆದು ಬಿದ್ದು ತೀರಿಕೊಂಡಿದ್ದ.

ಬ್ಯಾಗ್ ಮಾತ್ರ ಮನೆಗೆ ವಾಪಸ್ ಬಂತು... ಒಂದು ಹೊಲಿಗೆಯೂ ಬಿಚ್ಚದೆ.

ಈಗ ಹರಿಣಿ ಅದೇ ಬೆಟ್ಟಕ್ಕೆ ಹೊರಟಿದ್ದಾಳೆ. ಮೂರ್ನಾಲ್ಕು ದಿನದ ಕ್ಯಾಂಪ್. ಅಣ್ಣ ಮುಟ್ಟದೇ ಉಳಿದ ತುದಿಯನ್ನು ಅಣ್ಣನ ಬ್ಯಾಗ್ ಹೊತ್ತೇ ಮುಟ್ಟಬೇಕು ಅಂತ ಅವಳ ಹಠ.

ಅಭ್ಯಾಸಕ್ಕೆಂದು ದಿನಾ ಸಂಜೆ ಬ್ಯಾಗಿಗೆ ಅಕ್ಕಿ, ನೀರಿನ ಬಾಟಲಿ ತುಂಬಿ, ಹೆಗಲಿನ ಪಟ್ಟಿಗಳನ್ನು ತನ್ನ ಅಳತೆಗೆ ಬಿಗಿದು ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಾಳೆ.

ಬೆಳಗಾದರೆ... ಪಟ್ಟಿ ಸಡಿಲ.

ಅದೂ ಹೇಗೆ? ಸುಧನ್ವ ತನ್ನ ಎತ್ತರದ ಗುರುತಿಗೆಂದು ಪಟ್ಟಿಯ ಮೇಲೆ ನೀಲಿ ಪೆನ್ನಿನಲ್ಲಿ ಎಳೆದಿದ್ದ ಗೆರೆಯ ತನಕ ಜಾರಿ, ಸರಿಯಾಗಿ ಅಲ್ಲೇ ನಿಂತಿರುತ್ತಿತ್ತು.

"ಅಮ್ಮಾ, ನಿಜ ಹೇಳು. ನಾನು ಹೋಗಬಾರದು ಅಂತ ನೀನೇ ತಾನೇ ಹೀಗೆ ಮಾಡ್ತಿರೋದು?"

ದೇವರ ಮುಂದೆ ಕೂತು ಶ್ಲೋಕ ಹೇಳಿಕೊಳ್ಳುತ್ತಿದ್ದ ಅಮ್ಮ ಅರ್ಧ ಸಾಲಿಗೇ ನಿಲ್ಲಿಸಿದರು.

"ದೇವರಾಣೆ ಇಲ್ಲ ಕಣೇ... ಅದನ್ನ ಮುಟ್ಟೋ ಧೈರ್ಯ ನನಗೆಲ್ಲಿದೆ?"

ಹರಿಣಿಯ ಮೈ ಜುಮ್ಮೆಂದಿತು. ಜೊತೆಗೇ ಒಳಗೊಳಗೆ ಏನೋ ಒಂದು ಖುಷಿ... ಹಾಗಾದರೆ ಅಣ್ಣನೇ!

ಆದರೂ ಬೆಟ್ಟ ಹತ್ತಲು ಪಟ್ಟಿ ಬಿಗಿಯಾಗಿ ನಿಲ್ಲಬೇಕಲ್ಲ... ಮರುದಿನ ಅಮ್ಮನನ್ನೂ ಕರೆದುಕೊಂಡು ಬ್ಯಾಗ್ ಅಂಗಡಿಗೆ ಹೋದಳು. ಅವಳು ಅದನ್ನು ಹೊತ್ತು ನಿಂತದ್ದು ನೋಡಿ ಅಂಗಡಿಯ ನಜೀರ್ ನಕ್ಕುಬಿಟ್ಟ.

"ಏನ್ ಮೇಡಂ, ನೀವು ಬ್ಯಾಗ್ ಹೊತ್ಕೊಂಡಿದೀರೋ, ಬ್ಯಾಗೇ ನಿಮ್ಮನ್ನ ಹೊತ್ಕೊಂಡಿದೆಯೋ? ಭಾರ ಸೊಂಟದ ಮೇಲೆ ಕೂರ್ಬೇಕು. ಇದು ಹೆಗಲು ಹಿಡಿದು ಹಿಂದಕ್ಕೆ ಎಳೆಯುತ್ತೆ. ನಿಮ್ಮ ಬೆನ್ನಿಗೆ ತಕ್ಕದ್ದು ಕೊಡ್ಲಾ?"

"ಬೇಡ. ಬಕಲ್ ಮಾತ್ರ ಹೊಸದು ಹಾಕಿಕೊಡಿ. ನಂಗೆ ಇದೇ ಬೇಕು."

ನಜೀರ್ ಹೊಸ ಬಕಲ್ ಹಾಕಿದ. ಅವಳ ಹೆಗಲಿಗೇರಿಸಿ, ಪಟ್ಟಿಯನ್ನು ಬಿಗಿಯಾಗಿ ಎಳೆದು ಕೈಬಿಟ್ಟ.

ಸರ್ರ್... ರ್... ರ್...

ಮೂವರ ಕಣ್ಣೆದುರೇ ಪಟ್ಟಿ ಮೆಲ್ಲಗೆ ಜಾರಿತು. ನೀಲಿ ಗೆರೆಗೆ ಬಂದು ನಿಂತಿತು.

ನಜೀರನ ನಗು ಅಲ್ಲೇ ಆರಿತು. ಎದುರಿನ ಕನ್ನಡಿಯಲ್ಲಿ ಹರಿಣಿಯ ತಲೆಗಿಂತ ಎತ್ತರಕ್ಕೆ ಆ ಬ್ಯಾಗ್... ಅವಳ ಬೆನ್ನ ಹಿಂದೆ ಯಾರೋ ನಿಂತ ಹಾಗೆ.

"ನೋಡಮ್ಮಾ... ಅಣ್ಣ ನನ್ನ ಜೊತೆ ಬರ್ತೀನಿ ಅಂತಿದಾನೆ!"

ಅಮ್ಮ ಹತ್ತಿರ ಬಂದರು. ಒಂದು ವರ್ಷದಲ್ಲಿ ಮೊದಲ ಸಲ ಅವರ ಬೆರಳು ಆ ಬ್ಯಾಗ್ ಮುಟ್ಟಿತು. ನೀಲಿ ಗೆರೆಯನ್ನು ಸವರಿತು.

"ನೀನು ಚಿಕ್ಕವಳಿದ್ದಾಗ ಅವನು ಗೇಟಿನ ಹತ್ರನೇ ಕಾದು, ನಿನ್ನ ಸ್ಕೂಲ್ ಬ್ಯಾಗ್ ಹೆಗಲಿಂದ ಹೀಗೇ ಇಳಿಸ್ಕೋತಿದ್ದ... 'ಬಿಡೇ ಕುಳ್ಳಿ, ನಿನ್ ಕೈಲಿ ಆಗಲ್ಲ' ಅಂತ. ನೆನಪಿದೆಯಾ?"

ಹರಿಣಿಯ ಕಣ್ಣು ತುಂಬಿ ಬಂತು.

"ಅವನು ಬರ್ತೀನಿ ಅಂತಿಲ್ಲ ಕಣೇ... ಇಳಿಸು ಅಂತಿದಾನೆ."

ಅಮ್ಮ ತಾವೇ ಅದನ್ನು ಮಗಳ ಹೆಗಲಿಂದ ಇಳಿಸಿಕೊಂಡರು.

"ಬೆಟ್ಟಕ್ಕೆ ಹೋಗು. ನಾನು ಬೇಡ ಅನ್ನಲ್ಲ. ನಜೀರಪ್ಪಾ, ಇವಳ ಬೆನ್ನಿಗೆ ಹೊಂದೋದು ಯಾವುದಿದೆಯೋ ತೆಗಿ."

ಹೊಸ ಬ್ಯಾಗ್ ಸೊಂಟದ ಮೇಲೆ ಹಗುರವಾಗಿ ಕೂತಿತು. ಪಟ್ಟಿ ಜಾರಲಿಲ್ಲ.

ಆದರೂ ಹರಿಣಿ ಕೈ ಚಾಚಿದಳು. "ಅಮ್ಮಾ... ಇದೊಂದು ಸಲ ಅದನ್ನೇ ಕೊಡು. ಇನ್ಯಾವತ್ತೂ ಕೇಳಲ್ಲ."

ಅಮ್ಮ ಮಗನ ಬ್ಯಾಗನ್ನು ಎದೆಗೆ ಅವಚಿಕೊಂಡರು... ಮಗುವನ್ನು ಎತ್ತಿಕೊಂಡ ಹಾಗೆ.

"ಕೊಡಲ್ಲ."

ಹೋದವರನ್ನು ನೆನೆಯಲು, ಅವರನ್ನು ಬೀಳಿಸಿದ ಭಾರವನ್ನೇ ಹೊರಬೇಕಿಲ್ಲ.

ಈ ಹೊತ್ತು ನಿಮ್ಮ ಹೆಗಲ ಮೇಲಿರುವುದು... ನಿಮ್ಮ ಅಳತೆಯದೇನಾ?