ಒಣಗುವ ಇಂಕು

ಮಾಲಿನಿ ಬೆರಳು ಮಾಡಿ ತೋರಿಸಿದ ಪ್ರಿಂಟರ್ ನೋಡಿ ಅಂಗಡಿಯವನು ತಲೆಯಾಡಿಸಿದ.

"ಅಪರೂಪಕ್ಕೆ ಬಳಸೋರಿಗೆ ಇದು ಬೇಡ ಮೇಡಂ. ವಾರಕ್ಕೊಂದು ಪುಟನಾದ್ರೂ ತೆಗೀದಿದ್ರೆ ಇಂಕು ಒಣಗಿ ಮಿಷನ್ನೇ ಹಾಳಾಗತ್ತೆ. ಲೇಸರ್ ತಗೊಳ್ಳಿ, ತಿಂಗಳುಗಟ್ಲೆ ಮುಟ್ಟದಿದ್ರೂ ಏನೂ ಆಗಲ್ಲ."

"ಲೇಸರ್ರೇ ಕೊಡಿ," ಎಂದ ಅವಳ ಗಂಡ. "ಇವಳು ಕತೆ ಬರೀತಾಳಂತೆ. ವರ್ಷಕ್ಕೊಂದು ಮುಗಿಸಿದ್ರೆ ಹೆಚ್ಚು."

ಅಂಗಡಿಯವನು ನಕ್ಕ. ಮಾಲಿನಿಗೆ ನಗು ಬರಲಿಲ್ಲ. ಅವಳು ಬರೆಯಲು ಕೂತಾಗಲೆಲ್ಲ ಮನೆಯಲ್ಲಿ ಯಾರಿಗಾದರೂ ಕಾಫಿ ಬೇಕಾಗುತ್ತಿತ್ತು, ಇಲ್ಲವೇ ಯಾರದಾದರೂ ಅಂಗಿಯ ಗುಂಡಿ ಕಿತ್ತು ಬರುತ್ತಿತ್ತು. ಅರ್ಧಕ್ಕೆ ನಿಂತ ಕತೆಗಳು ಏನಾದವೆಂದು ಒಬ್ಬರೂ ಕೇಳಿದವರಲ್ಲ.

"ನಂಗೆ ಈ ಒಣಗೋದೇ ಬೇಕು," ಎಂದಳು.

"ತಲೆ ನೆಟ್ಟಗಿದೆಯೇನೇ? ಮನೆಗೆ ತಂದ ಮಿಷನ್ನು ಕಣ್ಣೆದುರಿಗೇ ಹಾಳಾಗೋಕೆ ಬಿಡೋಕಾಗತ್ತಾ? ವಾರವಾರ ಅದರ ಮುಂದೆ ಕೂರೋರು ಯಾರು?"

"ನಾನೇ," ಎಂದಳು ಮಾಲಿನಿ. "ನನ್ನ ಕತೆ ಒಣಗಿದ್ರೆ ನೀವು ತಿರುಗಿಯೂ ನೋಡಲ್ಲ. ಮಿಷನ್ ಒಣಗತ್ತೆ ಅಂದ್ರೆ, ಉರೀತಿರೋ ಒಲೆ ಆರಿಸಿ ನೀವೇ ನನ್ನ ಬರೆಯೋಕೆ ಕೂರಿಸ್ತೀರಿ."