ನೀಲವ್ವನ ನೆತ್ತಿಯ ಏಣು

ಮುದ್ದೆ ನುಂಗಿ ನುಂಗಿ ಮಂಡ್ಯದ ಕೆಂಪಮ್ಮನ ಮನೆಯಲ್ಲಿ ಯಾರಿಗೂ ಗದ್ದವೇ ಉಳಿದಿರಲಿಲ್ಲ. ಕಡಕ್ ರೊಟ್ಟಿ ಅಗಿದು ಬೆಳೆದ ವಿಜಯಪುರದ ಸೊಸೆ ನೀಲವ್ವನಿಗೋ ಕತ್ತೆಕಿರುಬದ ದವಡೆ, ಆ ದವಡೆಯ ಸ್ನಾಯುಗಳಿಗೆ ಹಿಡಿತ ಕೊಡಲು ಬೈತಲೆಯುದ್ದಕ್ಕೂ ಎದ್ದ ಮೂಳೆಯ ಏಣು.

“ಆರು ತಿಂಗಳು ಮುದ್ದೆ ನುಂಗುದ್ರೆ ಕರಗೋಯ್ತದೆ ಬುಡಿ,” ಎಂದು ಮದುವೆಯಲ್ಲಿ ಮೂಗು ಮುರಿದಿದ್ದ ಕೆಂಪಮ್ಮ, ಎರಡೇ ತಿಂಗಳಲ್ಲಿ ಬೀದಿಯ ತೆಂಗಿನಕಾಯಿಗಳನ್ನೆಲ್ಲ ಸೊಸೆಯ ಹಲ್ಲಿನಿಂದ ಸುಲಿಸಿಕೊಟ್ಟು ಮೆರೆಯುತ್ತಿದ್ದಳು.

ಇವತ್ತು ನೀಲವ್ವ ಒಂದು ಕಾಯಿ ಕಚ್ಚಿ ಕೆಳಗಿಟ್ಟಳು. “ಹಲ್ಲು ಇಳಿವಲ್ವು ಅತ್ತಿ. ಏಣು ಕರಗಾಕ ಹತ್ತೈತ್ರಿ.”

ಜಗಲಿಯಲ್ಲಿ ಕಾದಿದ್ದ ನೆರೆಯವರನ್ನು ನೋಡಿದ್ದೇ ಕೆಂಪಮ್ಮ ಓಡಿಹೋಗಿ ಬೀಗಿತ್ತಿಗೆ ಫೋನು ಮಾಡಿದಳು: “ಒಂದು ಮೂಟೆ ಕಡಕ್ ರೊಟ್ಟಿ ಇವತ್ತೇ ಬಸ್ಸಿಗೆ ಹಾಕ್ಬುಡಿ. ಮಗು ಸೊರಗೋಯ್ತಾ ಅವ್ಳೆ!”

ರೊಟ್ಟಿಯ ಹೆಸರು ಕೇಳಿದ್ದೇ ತಡ, ನೀಲವ್ವ ಹಿತ್ತಲಿಗೆ ಹೋಗಿ, ಹಲ್ಲಿಳಿಯದ ಅದೇ ಕಾಯಿಯನ್ನು ಖುಷಿಗೆ ಚಿಪ್ಪು ಸಮೇತ ಕಟಕಟನೆ ಅಗಿದು ನುಂಗಿದಳು.